ಕೆರೆ ಎಲ್ಲಿಗೆ ಮುಗಿಯುತ್ತದೆ? ದಡದ ಜೌಗಿಗೆ ಕಾನೂನು ಎಳೆದ ಗೆರೆಗಳು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಅಂತ ಒಂದು ಊರಿದೆ. ಕೆಂಪೇಗೌಡರ ಮಾಗಡಿ ಅಲ್ಲ, ಇದು ಬೇರೆ. ಚಳಿಗಾಲ ಬಂತೆಂದರೆ ಇಲ್ಲಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುತ್ತವೆ. ಕೆರೆ ಹೆಚ್ಚೇನೂ ದೊಡ್ಡದಲ್ಲ, ಸುಮಾರು 50 ಹೆಕ್ಟೇರ್. ಕಟ್ಟಿದ್ದು ಮಳೆನೀರು ಹಿಡಿದು ಹೊಲಗದ್ದೆಗೆ ಹಾಯಿಸುವುದಕ್ಕೆ. 2024ರ ಜನವರಿ ಕೊನೆಯಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದರೆ ಜಗತ್ತಿಗೇ ಮುಖ್ಯವಾದ ಜೌಗು ಪ್ರದೇಶ ಅಂತ ಮುದ್ರೆ ಬಿತ್ತು. ಅದರ ಜೊತೆಗೇ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಗೂ ಅದೇ ಮುದ್ರೆ ಸಿಕ್ಕಿತು. ಅದೂ ಹಳೇ ಕಾಲದ ನೀರಾವರಿ ಕೆರೆಯೇ.

ಈಗ ನಮ್ಮದೇ ದೇಶದ ನಿಯಮ ತೆಗೆದು ನೋಡೋಣ. ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು, 2017. ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ್ದು. ಜೌಗು ಅಂದರೆ ಏನು ಅಂತ ಅದು ಹೇಳುವ ಮಾತಿನ ಮೊದಲರ್ಧ ಬಹಳ ಉದಾರವಾಗಿದೆ. ತಾನಾಗಿ ಆದದ್ದಿರಲಿ ಮನುಷ್ಯ ಮಾಡಿದ್ದಿರಲಿ, ವರ್ಷವಿಡೀ ನೀರಿರಲಿ ಕೆಲ ತಿಂಗಳು ಮಾತ್ರ ಇರಲಿ, ನಿಂತ ನೀರಿರಲಿ ಹರಿಯುವ ನೀರಿರಲಿ, ಸಿಹಿನೀರಿರಲಿ ಉಪ್ಪುನೀರಿರಲಿ, ಎಲ್ಲವೂ ಜೌಗೇ. ಆಮೇಲೆ ಒಂದು 'ಆದರೆ' ಬರುತ್ತದೆ. ನದಿಯ ಪಾತ್ರ ಸೇರುವುದಿಲ್ಲ. ಭತ್ತದ ಗದ್ದೆ ಸೇರುವುದಿಲ್ಲ. ಕುಡಿಯುವ ನೀರಿಗೆಂದೇ ಕಟ್ಟಿದ ಕೆರೆ ಸೇರುವುದಿಲ್ಲ. ಮೀನು ಸಾಕಣೆ, ಉಪ್ಪು ತಯಾರಿಕೆ, ಮನರಂಜನೆ, ಕೊನೆಗೆ ನೀರಾವರಿ, ಇವುಗಳಿಗೆಂದೇ ಕಟ್ಟಿದ್ದೂ ಸೇರುವುದಿಲ್ಲ.

ನೀರಾವರಿಗೆ ಕಟ್ಟಿದ್ದು ಸೇರುವುದಿಲ್ಲ ಅಂದಮೇಲೆ ಕರ್ನಾಟಕದಲ್ಲಿ ಉಳಿದದ್ದೇನು? ನಮ್ಮಲ್ಲಿ ತಾನಾಗಿ ಆದ ಸರೋವರಗಳು ಬೆರಳೆಣಿಕೆ. ಇರುವ ಸಾವಿರಾರು ಕೆರೆಗಳನ್ನು ರಾಜರು, ಪಾಳೇಗಾರರು, ಊರ ಗೌಡರು, ಜನ ಕಟ್ಟಿಸಿದ್ದು. ಯಾಕೆ ಕಟ್ಟಿಸಿದರು ಅಂದರೆ ಗದ್ದೆಗೆ ನೀರು ಬೇಕಿತ್ತು. ಹೆಬ್ಬಾತಿನ ಕಣ್ಣಿಗೆ ಮಾಗಡಿ ಕೆರೆ ಜೌಗು. ರಾಮ್ಸಾರ್ ಪಟ್ಟಿಗೂ ಜೌಗು. ನಮ್ಮ ನಿಯಮದ ವ್ಯಾಖ್ಯೆಯಲ್ಲಿ ಮಾತ್ರ ಅದು ಅನುಮಾನದ ಗಿರಾಕಿ.

ಹಾಗಾದರೆ ಮಾಗಡಿ, ಅಂಕಸಮುದ್ರ ಉಳಿದಿದ್ದು ಹೇಗೆ? ಬೇರೆ ಬಾಗಿಲಿನಿಂದ. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಸಂರಕ್ಷಣಾ ಮೀಸಲು ಪ್ರದೇಶಗಳು. ಹಕ್ಕಿಗಳನ್ನು ಕಾಯಲು ಬಂದ ಕಾನೂನು ಕೆರೆಯನ್ನೂ ಕಾಯುತ್ತಿದೆ. ಹಕ್ಕಿ ಬಾರದ, ಬಂದರೂ ಯಾರೂ ಎಣಿಸದ ಕೆರೆಗಳಿಗೆ ಈ ಭಾಗ್ಯ ಇಲ್ಲ.

2010ರಲ್ಲಿ ಬಂದಿದ್ದ ಹಳೇ ನಿಯಮ ಹೀಗಿರಲಿಲ್ಲ. ಅದರಲ್ಲಿ ಕೆರೆ, ಜಲಾಶಯ, ಮನುಷ್ಯ ಕಟ್ಟಿದ ಜೌಗು, ಎಲ್ಲವೂ ಹೆಸರು ಹಿಡಿದು ಇದ್ದವು. ಗದ್ದೆ ಮತ್ತು ನದಿಯ ಮುಖ್ಯ ಪಾತ್ರ ಹೊರಗಿದ್ದವು, ನೀರಾವರಿ ಕೆರೆ ಹೊರಗಿರಲಿಲ್ಲ. ಇನ್ನೂ ಒಂದು ಮಾತಿತ್ತು: ಕೆರೆಗೆ ನೀರು ಹರಿದು ಬರುವ ಜಲಾನಯನ ಪ್ರದೇಶವೂ ಜೌಗಿನ ವ್ಯಾಖ್ಯೆಯೊಳಗೇ ಸೇರಿತ್ತು. 2017ರಲ್ಲಿ ಅದನ್ನು ವ್ಯಾಖ್ಯೆಯಿಂದ ತೆಗೆದು 'ಪ್ರಭಾವ ವಲಯ' ಅಂತ ಬೇರೆ ಹೆಸರಿಟ್ಟರು. ಜೌಗನ್ನು ಗುರುತಿಸಿ ಅಧಿಸೂಚನೆ ಹೊರಡಿಸುವ ಹೊಣೆ ರಾಜ್ಯಗಳ ಹೆಗಲಿಗೆ ಬಂತು. ಅಧಿಸೂಚನೆ ಆಗದ ಕೆರೆಗೆ, ಅದು ರಾಮ್ಸಾರ್ ಪಟ್ಟಿಯಲ್ಲೂ ಇಲ್ಲದಿದ್ದರೆ, ಈ ನಿಯಮದಿಂದ ನೇರವಾಗಿ ಏನೂ ಸಿಗುವುದಿಲ್ಲ.

ಪದದ ವಿಷಯದಲ್ಲೂ ಒಂದು ತಮಾಷೆ ಇದೆ. ವೆಟ್‌ಲ್ಯಾಂಡ್ ಅನ್ನುವುದಕ್ಕೆ ಕನ್ನಡದಲ್ಲಿ ಜೌಗು ಪ್ರದೇಶ, ತೇವಭೂಮಿ, ಒಮ್ಮೊಮ್ಮೆ ತರಿಭೂಮಿ ಅಂತಲೂ ಬರೆಯುತ್ತಾರೆ. ಕಂದಾಯ ಇಲಾಖೆಯ ಕಾಗದ ನೋಡಿ ಗೊತ್ತಿದ್ದವರಿಗೆ ತರಿ ಅಂದರೆ ಬೇರೆಯೇ ಅರ್ಥ. ಖುಷ್ಕಿ, ತರಿ, ಬಾಗಾಯ್ತು ಅನ್ನುವಾಗ ತರಿ ಅಂದರೆ ಕೆರೆ ನೀರು ಹಾಯುವ ಭತ್ತದ ಜಮೀನು. ಪರಿಸರ ನಿಯಮ ಹೆಸರು ಹಿಡಿದು ಹೊರಗಿಟ್ಟಿದ್ದು ಅದನ್ನೇ!

ಇನ್ನು ದಡದ ವಿಷಯಕ್ಕೆ ಬರೋಣ. ಈ ಇಡೀ ಜಗಳದ ಗಂಟು ಇರುವುದು ಅಲ್ಲೇ.

ನಮ್ಮ ಕೆರೆ ಬಟ್ಟಲಿನ ಹಾಗೆ ಇರುವುದಿಲ್ಲ. ಇಳಿಜಾರಿಗೆ ಅಡ್ಡವಾಗಿ ಒಂದು ಏರಿ ಕಟ್ಟಿರುತ್ತಾರೆ, ಅದರ ಹಿಂದೆ ನೀರು ನಿಲ್ಲುತ್ತದೆ, ಅಷ್ಟೇ. ಏರಿಯ ಬುಡದಲ್ಲಿ, ತೂಬಿನ ಹತ್ತಿರ, ನೀರು ಆಳ. ಹಿಂದೆ ಹಿಂದೆ ಹೋದಂತೆ ಮೊಣಕಾಲುದ್ದ, ಆಮೇಲೆ ಪಾದ ಮುಳುಗುವಷ್ಟು, ಕೊನೆಗೆ ಬರೀ ಕೆಸರು. ಅಲ್ಲಿ ಜೊಂಡು ಬೆಳೆಯುತ್ತದೆ. ಮೀನು ಮೊಟ್ಟೆ ಇಡಲು ಹುಡುಕುವ ಜಾಗ ಅದು. ಉದ್ದ ಕಾಲಿನ ಹಕ್ಕಿಗಳು ನಿಂತು ಮೇಯಲು ಆಗುವುದೂ ಅಲ್ಲೇ, ಆಳದಲ್ಲಿ ಅಲ್ಲ. ಮೇಲಿಂದ ಹರಿದು ಬರುವ ಹೂಳು, ಕೊಳೆ ಮೊದಲು ತಡೆಯುವುದೂ ಆ ಜೊಂಡಿನಲ್ಲೇ. ಕೆರೆಯಲ್ಲಿ ನಿಜವಾಗಿ ಜೌಗು ಅನ್ನಿಸಿಕೊಳ್ಳುವುದು ಈ ಹಿಂಬದಿಯ ತೆಳುನೀರಿನ ಪಟ್ಟಿ.

ಮತ್ತು ಈ ಪಟ್ಟಿ ಒಂದು ಕಡೆ ನಿಲ್ಲುವುದಿಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಹಿಂಬದಿಯ ನೆಲ 100 ಮೀಟರ್ ದೂರಕ್ಕೆ ಅರ್ಧ ಮೀಟರ್ ಮಾತ್ರ ಏರುತ್ತದೆ ಅಂತಿಟ್ಟುಕೊಳ್ಳಿ. ಕೆರೆಯಲ್ಲಿ ನೀರು ಅರ್ಧ ಮೀಟರ್ ಇಳಿದರೆ ಏರಿಯ ಮೇಲೆ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ, ಒಂದೆರಡು ಕಲ್ಲಿನ ಸಾಲು ಹೊರಗೆ ಕಂಡಾವು. ಆದರೆ ಹಿಂಬದಿಯಲ್ಲಿ ದಡ 100 ಮೀಟರ್ ಹಿಂದಕ್ಕೆ ಓಡಿರುತ್ತದೆ. ಎರಡು ವರ್ಷ ಮಳೆ ಕೈಕೊಟ್ಟರೆ ಆ ಜಾಗ ನೋಡಿದವರು ಬಯಲು ಅಂದುಕೊಳ್ಳುತ್ತಾರೆ. ಕೆರೆಯಂಗಳದಲ್ಲಿ ಒಂದು ಬೆಳೆ ತೆಗೆಯಲು ಶುರುವಾಗುತ್ತದೆ. ಆಮೇಲೆ ಬೇಲಿ, ಬೇಲಿ ಆದಮೇಲೆ ಶೆಡ್ಡು, ಶೆಡ್ಡಿನ ಬೆನ್ನಿಗೇ ಖಾತೆಯ ಅರ್ಜಿ. ನಂತರ ಒಂದು ಒಳ್ಳೆಯ ಮಳೆಗಾಲ ಬರುತ್ತದೆ. ಮನೆಗೆ ನೀರು ನುಗ್ಗಿತು ಅಂತ ಟೀವಿಯಲ್ಲಿ ಹೇಳುತ್ತಾರೆ. ನೀರು ತನ್ನ ಜಾಗಕ್ಕೆ ಬಂದಿತ್ತು, ಅಷ್ಟೇ.

ಹಳ್ಳಿಯಲ್ಲಿ ಕೆರೆ ಎಲ್ಲೀತನಕ ಅಂತ ಕೇಳಿದರೆ ಉತ್ತರ ಸರಳ: ಕೋಡಿ ಬಿದ್ದಾಗ ನೀರು ಎಲ್ಲೀತನಕ ಇರುತ್ತದೋ ಅಲ್ಲೀತನಕ. ಇದು ಒಳ್ಳೆಯ ವ್ಯಾಖ್ಯೆ. ಕೋಡಿಯ ಎತ್ತರಕ್ಕೆ ನೆಲದ ಮೇಲೆ ಸುತ್ತ ಒಂದು ಗೆರೆ ಎಳೆದರೆ ಕೆರೆಯ ಗಡಿ ಸಿಕ್ಕಿತು. ಕಾನೂನಿನಲ್ಲಿ ಮಾತ್ರ ಒಂದೇ ಗೆರೆ ಇಲ್ಲ. ಗ್ರಾಮ ನಕ್ಷೆಯಲ್ಲಿ ಸರ್ವೆ ನಂಬರಿನ ಗೆರೆ ಒಂದು. ಎಂಜಿನಿಯರುಗಳು ಹೇಳುವ ಪೂರ್ಣ ನೀರಿನ ಮಟ್ಟದ ಗೆರೆ ಇನ್ನೊಂದು, ಅದೇ ಕೋಡಿಯ ಗೆರೆ. 2017ರ ನಿಯಮ ಹೇಳುವುದು ಮೂರನೆಯದು: ಹತ್ತು ವರ್ಷಗಳಲ್ಲಿ ಕಂಡ ನೆರೆ ಮಟ್ಟದ ಸರಾಸರಿ. ಅಲ್ಲಿಂದ 50 ಮೀಟರ್ ಒಳಗೆ ದೋಣಿ ಕಟ್ಟೆ ಬಿಟ್ಟು ಬೇರೆ ಯಾವ ಕಾಯಂ ಕಟ್ಟಡವೂ ಕೂಡದು ಅನ್ನುತ್ತದೆ. ಹತ್ತು ವರ್ಷದ ನೆರೆ ಮಟ್ಟ ಬರೆದಿಟ್ಟ ಸಣ್ಣ ಕೆರೆ ಎಲ್ಲಿದೆ ಅಂತ ನನ್ನನ್ನು ಕೇಳಬೇಡಿ.

ರಾಜ್ಯದ ಕಾನೂನು ಈ ವಿಷಯದಲ್ಲಿ ಕೇಂದ್ರಕ್ಕಿಂತ ಜಾಣತನದ್ದು ಅಂತ ನನಗನ್ನಿಸುತ್ತದೆ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆ ಯಾರು ಕಟ್ಟಿದ್ದು, ಯಾಕೆ ಕಟ್ಟಿದ್ದು ಅಂತ ಕೇಳುವುದೇ ಇಲ್ಲ. ನೀರಿರಲಿ ಇಲ್ಲದಿರಲಿ, ಕಂದಾಯ ದಾಖಲೆಯಲ್ಲಿ ಸರ್ಕಾರಿ ಕೆರೆ, ಖರಾಬು ಕೆರೆ, ಕುಂಟೆ, ಕಟ್ಟೆ ಅಥವಾ ಬೇರೆ ಯಾವ ಹೆಸರಿದ್ದರೂ ಅದು ಕೆರೆಯೇ. ಸುತ್ತಲಿನ ಜಲಾನಯನ, ರಾಜಕಾಲುವೆ, ಏರಿ, ಕೋಡಿ, ತೂಬು, ನೀರು ಬರುವ ಹೋಗುವ ದಾರಿ, ಎಲ್ಲ ಸೇರಿ ಕೆರೆ. 'ನೀರಿರಲಿ ಇಲ್ಲದಿರಲಿ' ಅನ್ನುವ ಆ ಎರಡು ಪದಕ್ಕೆ ಬಹಳ ತೂಕವಿದೆ. ಒಣಗಿದೆ, ಆದ್ದರಿಂದ ಕೆರೆಯಲ್ಲ ಅನ್ನುವ ವಾದ ಅಲ್ಲಿಗೆ ಬಿತ್ತು. ಉತ್ತರ ಪ್ರದೇಶದ ಒಂದು ಹಳ್ಳಿ ಕೊಳದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲೇ ಇದೇ ದಾರಿ ಹಿಡಿದಿತ್ತು. ಕೊಳ ಪಾಳು ಬಿದ್ದಿದೆ ಅಂತ ಅದರ ಜಾಗವನ್ನು ಮನೆ ಕಟ್ಟಲು ಹಂಚುವಂತಿಲ್ಲ ಅಂದಿತ್ತು.

ಆದರೆ ಈ ವ್ಯಾಖ್ಯೆಗೂ ಒಂದು ಕೊರತೆ ಇದೆ. ಅದು ನಿಂತಿರುವುದು ಕಾಗದದ ಮೇಲೆ. ದಾಖಲೆಯಲ್ಲಿ ಕೆರೆ ಅಂತ ಇದ್ದರೆ ಬಚಾವು. ಹಿಂಬದಿಯ ತೆಳುನೀರು ಎಷ್ಟೋ ಕಡೆ ಸರ್ವೆ ಗೆರೆ ದಾಟಿ ಖಾಸಗಿ ಹಿಡುವಳಿಗೆ ಹಬ್ಬಿರುತ್ತದೆ. ಅಲ್ಲಿ ನೀರು ಜೌಗು ಅನ್ನುತ್ತದೆ, ಪಹಣಿ ಹೊಲ ಅನ್ನುತ್ತದೆ. ಗೆಲ್ಲುವುದು ಪಹಣಿ.

ಅಮೆರಿಕದಲ್ಲಿ ಜೌಗು ಹೌದೋ ಅಲ್ಲವೋ ಅಂತ ತೀರ್ಮಾನಿಸಲು ಹೊಲಕ್ಕೇ ಹೋಗಿ ಮೂರು ಗುರುತು ನೋಡುತ್ತಾರೆ: ಮಣ್ಣು ಎಂಥದ್ದು, ಗಿಡ ಯಾವುದು, ನೀರು ಎಷ್ಟು ದಿನ ನಿಲ್ಲುತ್ತದೆ. ಕೇಳಲು ಚೆನ್ನಾಗಿದೆ. ಆದರೂ ಅಲ್ಲಿ ಜಗಳ ತಪ್ಪಲಿಲ್ಲ. ಐಡಹೊ ರಾಜ್ಯದ ಪ್ರೀಸ್ಟ್ ಸರೋವರದ ಹತ್ತಿರ ಒಂದು ದಂಪತಿ 2004ರಲ್ಲಿ ಸೈಟು ಕೊಂಡು, ಮನೆ ಕಟ್ಟಲು ಮಣ್ಣು ತುಂಬಿಸಿದರು. ಅದು ಜೌಗು, ತುಂಬುವಂತಿಲ್ಲ ಅಂತ ಪರಿಸರ ಸಂಸ್ಥೆ ತಡೆಯಿತು. ಸರೋವರಕ್ಕೂ ಸೈಟಿಗೂ ನಡುವೆ ರಸ್ತೆ ಇತ್ತು, ಮನೆಗಳಿದ್ದವು. ಕೇಸು ವರ್ಷಗಟ್ಟಲೆ ಎಳೆದು 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಂಪತಿಯ ಪರ ತೀರ್ಪು ಕೊಟ್ಟಿತು. ಮೇಲ್ಗಡೆಯ ನೀರು ಸರೋವರದಿಂದ ಜೌಗಿನವರೆಗೆ ಕಡಿಯದೆ ಕೂಡಿಕೊಂಡಿದ್ದರೆ ಮಾತ್ರ ಕೇಂದ್ರದ ಜಲ ಕಾಯ್ದೆ ಅನ್ವಯಿಸುತ್ತದೆ ಅಂದಿತು. ನೆಲದಡಿಯಲ್ಲಿ ಜಿನುಗುವ ನಂಟು ಸಾಲದು. ಅಂದರೆ ಮಣ್ಣು, ಗಿಡ, ನೀರು ಮೂರೂ ಹೌದು ಅಂದರೂ ನಡುವೆ ಒಂದು ರಸ್ತೆ ಬಂದರೆ ಕಥೆ ಬೇರೆ.

ಬೆಂಗಳೂರಿನವರಿಗೆ ಇದು ಹೊಸ ಕಥೆ ಅಲ್ಲ. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ಜಾಗದ ವಿವಾದ ನೆನಪಿರಬಹುದು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಇಳಿಯುವ ದಾರಿ ಅದು. ಅಲ್ಲಿ ದೊಡ್ಡ ಕಟ್ಟಡ ಯೋಜನೆಗಳು ಬಂದಾಗ ಕೆಲವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದರು. ಆಗ ನಗರದ ಮಾಸ್ಟರ್ ಪ್ಲಾನಿನಲ್ಲಿ ಕೆರೆಗೆ 30 ಮೀಟರ್ ಮೀಸಲು ಪಟ್ಟಿ ಇತ್ತು, ಅಂದರೆ ಕೆರೆಯ ಸುತ್ತ ಅಷ್ಟು ಅಗಲಕ್ಕೆ ಕಟ್ಟಡ ಕಟ್ಟುವಂತಿರಲಿಲ್ಲ. ಮಂಡಳಿ 2016ರ ಮೇ 4ರಂದು ಅದನ್ನು 75 ಮೀಟರಿಗೆ ಏರಿಸಿತು. ರಾಜಕಾಲುವೆಗಳಿಗೂ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಅಂತ ನಿಗದಿ ಮಾಡಿತು. ಊರೆಲ್ಲ ಗದ್ದಲ. ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡಿದರು. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಅಂಶವನ್ನು ತೆಗೆದುಹಾಕಿತು. ಮಾಸ್ಟರ್ ಪ್ಲಾನ್ ಶಾಸನದಡಿ ಆಗಿದ್ದು, ಅದನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗೆ ಇಲ್ಲ ಅಂದಿತು. ಗಮನಿಸಿ, 75 ಮೀಟರ್ ಬೇಕೋ ಬೇಡವೋ ಅನ್ನುವುದರ ಮೇಲೆ ಆ ತೀರ್ಪು ನಿಲ್ಲಲಿಲ್ಲ. ಯಾರು ಹೇಳಬಹುದು ಅನ್ನುವುದರ ಮೇಲೆ ನಿಂತಿತು. ಎಷ್ಟು ಮೀಟರ್ ಬೇಕು, ಯಾಕೆ ಬೇಕು ಅನ್ನುವ ಪ್ರಶ್ನೆ ಹಾಗೇ ಉಳಿಯಿತು.

2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲ ಅದಕ್ಕೆ ತನ್ನದೇ ಉತ್ತರ ಕೊಟ್ಟಿತು. ಎಲ್ಲ ಕೆರೆಗೂ 30 ಮೀಟರ್ ಅಂತಿದ್ದದ್ದನ್ನು ಗಾತ್ರಕ್ಕೆ ತಕ್ಕಂತೆ ಮಾಡುವ ತಿದ್ದುಪಡಿ ವಿಧೇಯಕಕ್ಕೆ ಒಪ್ಪಿಗೆ ಸಿಕ್ಕಿತು. 100 ಎಕರೆ ಮೀರಿದ ಕೆರೆಗೆ 30 ಮೀಟರ್. 25ರಿಂದ 100 ಎಕರೆಯದಕ್ಕೆ 24. ಹತ್ತು ಎಕರೆಯಿಂದ 25ರ ತನಕ 12. ಒಂದರಿಂದ ಹತ್ತು ಎಕರೆಯ ಕೆರೆಗೆ ಬರೀ 6 ಮೀಟರ್. ಅದಕ್ಕಿಂತ ಚಿಕ್ಕದಕ್ಕೆ 3, ತೀರಾ ಪುಟ್ಟ ಕುಂಟೆಗೆ ಏನೂ ಇಲ್ಲ.

ಪರಿಸರದವರು ಕೂಗಾಡಿದ್ದು ಸಹಜ. ಆದರೆ ಜಮೀನಿನವರ ಕಷ್ಟವನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು, ಅಲ್ವಾ? ಗುಂಡಗಿರುವ 5 ಎಕರೆ ಕೆರೆಯ ಸುತ್ತ 30 ಮೀಟರ್ ಬಿಟ್ಟರೆ ಹತ್ತಿರ ಹತ್ತಿರ ನಾಲ್ಕೂವರೆ ಎಕರೆ ಆಗುತ್ತದೆ. ಕೆರೆಯಷ್ಟೇ ಜಾಗ ಮೀಸಲು ಪಟ್ಟಿಗೆ! ಅದೇ 100 ಎಕರೆ ಕೆರೆಯ ಸುತ್ತ 30 ಮೀಟರ್ ಅಂದರೆ 17 ಎಕರೆ ಚಿಲ್ಲರೆ, ಕೆರೆಯ ಆರರಲ್ಲೊಂದು ಪಾಲು. ಈ ಪಟ್ಟಿಯ ಬಹುಪಾಲು ಖಾಸಗಿ ಜಮೀನು. ಸರ್ಕಾರ ಅದನ್ನು ಕೊಳ್ಳುವುದಿಲ್ಲ, ಪರಿಹಾರ ಕೊಡುವುದಿಲ್ಲ, ಕಟ್ಟಬೇಡ ಅನ್ನುತ್ತದೆ ಅಷ್ಟೇ. ಎರಡೇ ಎಕರೆ ಇರುವ ರೈತನ ಜಮೀನಿನ ಮುಕ್ಕಾಲು ಆ ಪಟ್ಟಿಯಲ್ಲಿ ಬಿದ್ದರೆ ಅವನು ಕೆರೆಯ ಮೇಲೆ ಪ್ರೀತಿ ಇಟ್ಟುಕೊಳ್ಳುತ್ತಾನೆ ಅಂತ ನಾವು ನಿರೀಕ್ಷಿಸುವುದು ಜಾಸ್ತಿಯಾಯಿತು. ಹಾಗಂತ 6 ಮೀಟರ್ ಸರಿಯೇ? ಒಂದು ಬಸ್ಸನ್ನು ಅಡ್ಡ ನಿಲ್ಲಿಸಲೂ ಆಗದ ಜಾಗ. ಐದು ಎಕರೆ ಕೆರೆಗೆ ಸಿಗುವುದು ಸುಮಾರು 31 ಗುಂಟೆ. ಸಣ್ಣ ಕೆರೆ ಅಂದರೆ ಬಹಳ ಸಲ ತೆಳುನೀರಿನ ಕೆರೆ. ಅದರ ದಡ ದೊಡ್ಡ ಕೆರೆಯ ದಡಕ್ಕಿಂತ ಬೇಗ ಓಡಾಡುತ್ತದೆ.

ನನ್ನ ತಕರಾರು ಮೀಟರಿನ ಸಂಖ್ಯೆಗಿಂತ ಅದನ್ನು ಎಲ್ಲ ಕಡೆಗೂ ಒಂದೇ ಅಂತ ಎಳೆಯುವ ರೀತಿಯ ಮೇಲೆ. ಏರಿಯ ಕಡೆ 30 ಮೀಟರ್ ಬಿಟ್ಟರೆ ಧಾರಾಳ ಆಯಿತು. ಅಲ್ಲಿ ನೀರು ಎಂದೂ ಏರಿ ದಾಟುವುದಿಲ್ಲ. ದಾಟಿತು ಅಂದರೆ ಆಗ 30 ಮೀಟರೂ ಸಾಲದು, ಆ ಮಾತು ಬೇರೆ. ಹಿಂಬದಿಯಲ್ಲಿ, ಸಮತಟ್ಟು ನೆಲದಲ್ಲಿ, 30 ಮೀಟರ್ ಯಾವ ಮೂಲೆಗೂ ಅಲ್ಲ. ಕೋಡಿಯ ಎತ್ತರದ ಮೇಲೆ ಇಷ್ಟು ಅಡಿ ಅಂತ ಗೆರೆ ಎಳೆದರೆ ಆ ಗೆರೆ ತಾನಾಗಿಯೇ ಏರಿಯ ಕಡೆ ಕಿರಿದಾಗುತ್ತದೆ, ಹಿಂಬದಿಯಲ್ಲಿ ಅಗಲವಾಗುತ್ತದೆ. ಅಳತೆ ಕಷ್ಟವೇನಲ್ಲ. ಲೆವೆಲ್ ಯಂತ್ರ ಹಿಡಿದು ರಸ್ತೆ ಮಾಡುವ ಎಂಜಿನಿಯರುಗಳು ದಿನಾ ಮಾಡುವ ಕೆಲಸ. ಆದರೆ ಸರ್ವೆ ನಕ್ಷೆಯಿಂದ ಟೇಪು ಹಿಡಿಯುವುದು ಇನ್ನೂ ಸುಲಭ. ಕೋರ್ಟಿನಲ್ಲಿ ವಾದಿಸಲೂ ಸುಲಭ.

ಕೆರೆ ಉಳಿಸುತ್ತೇವೆ ಅಂತ ಹೊರಟವರೂ ಇದೇ ತಪ್ಪಿಗೆ ಬಿದ್ದಿದ್ದಾರೆ. ಕೆರೆ ಅಭಿವೃದ್ಧಿ ಅಂದರೆ ಹೂಳೆತ್ತಿ, ಆ ಮಣ್ಣಿನಲ್ಲೇ ಸುತ್ತಲೂ ಏರಿ ಹಾಕಿ, ಮೇಲೆ ವಾಕಿಂಗ್ ಪಾತ್, ಪಕ್ಕಕ್ಕೆ ಬೇಲಿ. ಒತ್ತುವರಿ ನಿಲ್ಲುತ್ತದೆ, ಇದು ನಿಜ. ಮಕ್ಕಳು, ವಯಸ್ಸಾದವರು ನಡೆಯಲು ಜಾಗ ಸಿಗುತ್ತದೆ. ನಾನೂ ಅಂಥ ದಾರಿಯಲ್ಲೇ ನಡೆಯುವವನು, ಸುಳ್ಳು ಯಾಕೆ ಹೇಳಲಿ. ಆದರೆ ಸುತ್ತ ಏರಿ ಬಂದ ಮೇಲೆ ಕೆರೆ ಸೂಪಿನ ಬಟ್ಟಲಿನ ಹಾಗಾಗುತ್ತದೆ. ತೆಳುನೀರಿನ ಪಟ್ಟಿಯೇ ಇಲ್ಲ. ಜೊಂಡು ಹೋಯಿತು, ಕೆಸರು ಹೋಯಿತು. ಹಿಂಬದಿಯಲ್ಲಿ ಉಳಿದ ಜೌಗು ಹೊಸ ಏರಿಯ ಆಚೆಗೆ ಬಿತ್ತು. ಏರಿ ದಾಟಿದ್ದು ಕೆರೆ ಅಲ್ಲ ಅಂತ ನೋಡಿದವರೆಲ್ಲ ಅಂದುಕೊಳ್ಳುತ್ತಾರೆ. ಕಾನೂನಿನ ಕಣ್ಣಲ್ಲಿ ಇಲ್ಲಿ ಏನೂ ತಪ್ಪಾಗಿಲ್ಲ. ಎಕರೆ ಲೆಕ್ಕ ಸರಿ ಇದೆ. ಆಳದ ಲೆಕ್ಕ ಯಾವ ಕಾಯ್ದೆಯಲ್ಲೂ ಕೇಳಿಲ್ಲ.

ಇದಕ್ಕೆ ಎದುರು ಉದಾಹರಣೆ ಬೆಂಗಳೂರಿನಲ್ಲೇ ಇದೆ. ಜಕ್ಕೂರು ಕೆರೆಯಲ್ಲಿ ಕೊಳಚೆ ಶುದ್ಧೀಕರಣ ಘಟಕದಿಂದ ಬರುವ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ. ನಡುವೆ ಬೇಕೆಂದೇ ಮಾಡಿದ ಜೌಗಿನಲ್ಲಿ, ಜೊಂಡಿನ ನಡುವೆ ಹಾದು ಬರುತ್ತದೆ. ಒಂದು ಕಡೆ ಇದ್ದ ಜೌಗು ಅಳಿಸಿ, ಇನ್ನೊಂದು ಕಡೆ ದುಡ್ಡು ಹಾಕಿ ಜೌಗು ಕಟ್ಟುತ್ತಿದ್ದೇವೆ.

ಕೊನೆಗೆ ಸುಪ್ರೀಂ ಕೋರ್ಟಿನ ಮಾತು. ಜೌಗು ಪ್ರದೇಶಗಳ ಬಗ್ಗೆ 2001ರಲ್ಲಿ ಶುರುವಾದ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇದೆ, ಎಂ.ಕೆ. ಬಾಲಕೃಷ್ಣನ್ ಪ್ರಕರಣ ಅಂತ ಕರೆಯುತ್ತಾರೆ. ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹ ಚಿತ್ರ ನೋಡಿ ದೇಶದಲ್ಲಿ 2.25 ಹೆಕ್ಟೇರಿಗಿಂತ ದೊಡ್ಡದಾದ 2,01,503 ಜೌಗುಗಳನ್ನು ಗುರುತಿಸಿತ್ತು. ಅಧಿಸೂಚನೆ ಆಗಿರಲಿ ಬಿಡಲಿ, ಇವಿಷ್ಟನ್ನೂ 2010ರ ನಿಯಮದ 4ನೇ ಕಲಮಿನ, ಅಂದರೆ ಜೌಗಿನಲ್ಲಿ ಏನೇನು ಮಾಡಬಾರದು ಅನ್ನುವ ಕಲಮಿನ, ತತ್ವದಂತೆ ಕಾಪಾಡಿ ಅಂತ ಕೋರ್ಟ್ 2017ರ ಫೆಬ್ರವರಿಯಲ್ಲಿ ಹೇಳಿತು. ಹೊಸ ನಿಯಮ ಬಂದ ಮೇಲೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಆ ಮಾತನ್ನು ಮತ್ತೆ ಹೇಳಿತು. ಉಪಗ್ರಹ ಕೆರೆಯನ್ನು ಯಾಕೆ ಕಟ್ಟಿದರು ಅಂತ ಕೇಳುವುದಿಲ್ಲ. ಮೇಲಿಂದ ನೋಡಿದಾಗ ನೀರು ಕಂಡರೆ ನೀರು. ಹಾಗಾಗಿ ಆ ಪಟ್ಟಿಯಲ್ಲಿ ಮನುಷ್ಯ ಕಟ್ಟಿದ ಕೆರೆಗಳೂ ಇವೆ. ವ್ಯಾಖ್ಯೆ ಹೊರಗೆ ತಳ್ಳಿದ್ದನ್ನು ಕೋರ್ಟಿನ ಆದೇಶ ಪಟ್ಟಿಯ ಮೂಲಕ ಒಳಗೆ ಕರೆದುಕೊಂಡಿತು. 2.25 ಹೆಕ್ಟೇರ್ ಅಂದರೆ ಐದೂವರೆ ಎಕರೆ; ಅದಕ್ಕಿಂತ ಚಿಕ್ಕ ಕುಂಟೆ, ಕಟ್ಟೆಗಳು ಮಾತ್ರ ಈ ಲೆಕ್ಕಕ್ಕೂ ಸಿಗಲಿಲ್ಲ.

2021ರ ಹೊಸ ಅಟ್ಲಾಸ್ ಪ್ರಕಾರ ಆ ಸಂಖ್ಯೆ 2,31,195ಕ್ಕೆ ಏರಿದೆ. 2024ರ ಡಿಸೆಂಬರ್ 11ರಂದು ಕೋರ್ಟ್ ಇನ್ನೊಂದು ಆದೇಶ ಕೊಟ್ಟಿತು: ರಾಜ್ಯಗಳು ಸ್ಥಳಕ್ಕೆ ಹೋಗಿ ನೋಡಿ, ಪ್ರತಿಯೊಂದರ ಗಡಿ ಗುರುತು ಮಾಡಿ, ಮೂರು ತಿಂಗಳೊಳಗೆ ಮುಗಿಸಿ.

ಒಳ್ಳೆಯ ಆದೇಶ. ಆದರೆ ಡಿಸೆಂಬರಿನಿಂದ ಮೂರು ತಿಂಗಳು ಅಂದರೆ ಮಾರ್ಚ್. ನಮ್ಮ ಕಡೆ ಡಿಸೆಂಬರಿನಲ್ಲಿ ಹಿಂಬದಿಯ ಜೊಂಡಿನಲ್ಲಿ ಇನ್ನೂ ನೀರಿರುತ್ತದೆ. ಸಂಕ್ರಾಂತಿ ಹೊತ್ತಿಗೆ ಕೆಸರು. ಶಿವರಾತ್ರಿ ಕಳೆದ ಮೇಲೆ ಅದೇ ಜಾಗದಲ್ಲಿ ಹುಡುಗರು ವಿಕೆಟ್ ನೆಟ್ಟು ಕ್ರಿಕೆಟ್ ಆಡುತ್ತಿರುತ್ತಾರೆ. ನಿಮ್ಮೂರಿನ ಕೆರೆಯ ಗಡಿ ಗುರುತು ಮಾಡಲು ಬಂದವರನ್ನು ಕಂಡರೆ ಮೊದಲು ಅವರು ಬಂದ ತಾರೀಖು ಬರೆದಿಟ್ಟುಕೊಳ್ಳಿ. ಆಮೇಲೆ ಕೋಡಿಯ ಹತ್ತಿರ ಕರೆದುಕೊಂಡು ಹೋಗಿ, ಆ ಕಲ್ಲಿನ ಎತ್ತರ ಎಷ್ಟು ಅಂತ ಕೇಳಿ.